ಸೂಜಿಮೊನೆಯಷ್ಟು ಬೆಳಕು

ಬೈಲಹೊಂಗಲದ ಒಂದು ಓಣಿಯ ಗ್ಯಾರೇಜಿನ ಮುಂದೆ, ಬೆಳಗಿನ ಬಿಸಿಲಿಗೆ ಮುಖ ಮಾಡಿ ಕೂತಿದ್ದ ಮಿಸ್ತ್ರಿ ಕಾಕಾ ಒಂದು ಹಿತ್ತಾಳೆ ತುಣುಕನ್ನು ಎರಡು ಬೆರಳಲ್ಲಿ ಹಿಡಿದು ಆಕಾಶಕ್ಕೆ ಎತ್ತಿದರು. ಒಂದು ಕಣ್ಣು ಮುಚ್ಚಿದರು. 'ಏನೂ ಕಾಣವಲ್ದು ತಮ್ಮಾ' ಅಂದರು. ಜೋಳದ ಕಾಳಿಗಿಂತ ತುಸು ದೊಡ್ಡದಾದ, ಕಾರ್ಬೊರೇಟರಿನ ಆ ತುಣುಕಿಗೆ ಜೆಟ್ ಎನ್ನುತ್ತಾರೆ. ಅದರ ನಡುವೆ ಸೂಜಿಮೊನೆಯಷ್ಟು ತೂತು ಇರಬೇಕು. ಹದಿನಾಲ್ಕು ವರ್ಷದಿಂದ ಅದು ಮುಚ್ಚಿಕೊಂಡಿತ್ತು.

ಗಾಡಿ ನನ್ನ ಸೋದರಮಾವನದು. ಯೆಜ್ಡಿ 250. ರಾಮದುರ್ಗ ತಾಲ್ಲೂಕಿನ ಹಳ್ಳಿಯಿಂದ ಬೈಲಹೊಂಗಲದ ಹತ್ತಿ ಪೇಟೆಗೆ ಮಾವ ಬರುತ್ತಿದ್ದುದು ಇದರ ಮೇಲೆಯೇ. ಮೊಣಕಾಲು ಕೈಕೊಟ್ಟ ಮೇಲೆ ದನದ ಮನೆಯಲ್ಲಿ, ಕಣಕಿಯ ಪಕ್ಕದಲ್ಲಿ, ತಟ್ಟು ಹೊದ್ದು ನಿಂತಿತ್ತು. ಟಾಟಾ ಏಸ್‌ನಲ್ಲಿ ಹೇರಿಕೊಂಡು ಬರುವಾಗ ಮಾವ ಹೇಳಿದ್ದು ಒಂದೇ ಮಾತು: 'ಬಣ್ಣಾ ಗಿಣ್ಣಾ ಹಚ್ಚಬ್ಯಾಡ್ರಿ. ಸಪ್ಪಳಾ ಅಷ್ಟ ತರ್ರಿ.'

ಈ ಸಪ್ಪಳ ಮೈಸೂರಿನದು. ಜೆಕ್ ದೇಶದ ಜಾವಾ ಕಂಪನಿಯ ಜೊತೆಗೂಡಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಅಲ್ಲಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಗೇರಿಗೂ ಕಿಕ್ಕಿಗೂ ಒಂದೇ ಕಡ್ಡಿ. ಆ ಕಡ್ಡಿಯನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್, ಮುಂದಕ್ಕೆ ಬಂದರೆ ಮತ್ತೆ ಗೇರು. ಇಷ್ಟು ಚೆಂದದ ಮಿತವ್ಯಯವನ್ನು ನಾನು ಬೇರೆ ಯಾವ ಫಟಫಟಿಯಲ್ಲೂ ಕಂಡಿಲ್ಲ.

ಕಾರ್ಬೊರೇಟರಿನ ತಳದ ಬಟ್ಟಲನ್ನು ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಪೆಟ್ರೋಲಿನದಲ್ಲ, ಹಳೇ ಬಣ್ಣದ ಡಬ್ಬಿಯದು. ಈ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಟು-ಟಿ ಆಯಿಲ್ ಬೆರೆಸಬೇಕು. ನಿಂತ ಗಾಡಿಯಲ್ಲಿ ಪೆಟ್ರೋಲ್ ಹಾರಿಹೋಗುತ್ತದೆ, ಆಯಿಲ್ಲೂ ಅಂಟೂ ಉಳಿಯುತ್ತವೆ. ಬಟ್ಟಲಿನ ತಳದಲ್ಲಿ ಆರಿದ ಬೆಲ್ಲದ ಪಾಕದಂಥ ಕಂದು ಪದರು ಕೂತಿತ್ತು. ಅಂಚಿನಲ್ಲಿ ತೇವ ತಿಂದ ಲೋಹದ ಬಿಳಿ ಪುಡಿ. ತೇಲಬೇಕಾದ ಫ್ಲೋಟ್ ಆ ಪಾಕದಲ್ಲಿ ಕಚ್ಚಿಕೊಂಡಿತ್ತು.

ನಾನು ಅವಸರದಲ್ಲಿ ಅಲ್ಲೇ ಬಿದ್ದಿದ್ದ ಉಕ್ಕಿನ ತಂತಿ ಎತ್ತಿಕೊಂಡೆ. ಕಾಕಾ ನನ್ನ ಮಣಿಕಟ್ಟು ಹಿಡಿದರು. 'ಹಿತ್ತಾಳಿ ಮೆತ್ತಗ ಇರತೈತಿ. ಕೂದಲಷ್ಟ ತೂತ ದೊಡ್ಡದಾದ್ರ ಗಾಡಿ ಜಲ್ಮದಾಗ ಸುದ್ದ ಓಡೂದಿಲ್ಲ.' ಆ ತೂತಿನ ಅಳತೆಯೇ ಎಂಜಿನ್ನಿಗೆ ಉಣಿಸುವ ಸೌಟು. ಹಿರಿದಾದರೆ ಪೆಟ್ರೋಲ್ ಉಕ್ಕಿ ಪ್ಲಗ್ ಕಪ್ಪಾಗುತ್ತದೆ, ಕಟ್ಟಿದರೆ ಗಾಳಿಯೇ ಹೆಚ್ಚಾಗಿ ಪಿಸ್ಟನ್ ಕಾದು ಹೋಗುತ್ತದೆ. ಸಣ್ಣದು, ದೊಡ್ಡದು ಎರಡೂ ಜೆಟ್ಟುಗಳನ್ನು ಚಿಮಣಿ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿದೆವು.

ಮರುದಿನ ಕಾಕಾ ಕರೆಂಟಿನ ವಾಯರಿನಿಂದ ತಾಮ್ರದ ಒಂದೇ ಒಂದು ಎಳೆ ಬಿಡಿಸಿದರು. ತಾಮ್ರ ಹಿತ್ತಾಳೆಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಎಳೆ ಹೋಯಿತು, ಬಂತು, ಮತ್ತೆ ಹೋಯಿತು. ಒಂದು ಸಲ ಬಾಯಿಂದ ಊದಿದರು, ಆಮೇಲೆ ಪಂಪಿನಿಂದ. ಕೊನೆಗೆ ಜೆಟ್ಟನ್ನು ನನ್ನ ಕೈಗಿತ್ತು, 'ಈಗ ನೋಡು' ಅಂದರು.

ನೋಡಿದೆ. ಕತ್ತಲ ಕೊಳವೆಯ ತುದಿಯಲ್ಲಿ ದುಂಡಗಿನ ಒಂದು ಬೆಳಕು, ಕದಡದೆ, ಸ್ವಲ್ಪವೂ ಓರೆಯಿಲ್ಲದೆ ನಿಂತಿತ್ತು. ಬೈಲಹೊಂಗಲದ ಇಡೀ ಆಕಾಶದಿಂದ ಅಷ್ಟೇ ಅಷ್ಟು ಒಳಗೆ ಬಂದಿತ್ತು. ಗಾಡಿ ಇನ್ನೂ ಬಿಚ್ಚಿಟ್ಟಂತೆಯೇ ಇತ್ತು. ಆದರೂ ನನಗೆ ಅದು ಆಗಲೇ ಶುರುವಾದಂತೆನಿಸಿತು.

ಉಳಿದದ್ದು ಚುಟುಕು. ಟ್ಯಾಂಕಿನೊಳಗೆ ಹಳೇ ನಟ್ಟುಗಳನ್ನು ಹಾಕಿ ಕುಲುಕಿ ತುಕ್ಕು ಉದುರಿಸಿದೆವು. ಕೊರಡಾಗಿದ್ದ ಕ್ರ್ಯಾಂಕ್ ಸೀಲ್ ಬದಲಾಯಿಸಿದೆವು, ಇಲ್ಲದಿದ್ದರೆ ಅಲ್ಲಿಂದ ಗಾಳಿ ನುಸುಳಿ ಜೆಟ್ ತೊಳೆದದ್ದೆಲ್ಲ ವ್ಯರ್ಥ. ಪ್ಲಗ್ಗಿನ ತೂತಿನೊಳಗೆ ನಾಲ್ಕು ಹನಿ ಆಯಿಲ್ ಬಿಟ್ಟು ಎಂಜಿನ್ನನ್ನು ಮೆಲ್ಲಗೆ ತಿರುಗಿಸಿದೆವು. ಕಾಕಾ ಗಾಳಿಯ ಸ್ಕ್ರೂವನ್ನು ಪೂರ್ತಿ ಒಳಗೆ ಕೂರಿಸಿ ಒಂದೂವರೆ ಸುತ್ತು ಹಿಂದಕ್ಕೆ ತಂದರು. ಫ್ಲೋಟಿನ ಗುಂಡಿಯನ್ನು ಒತ್ತಿದರು, ಬೆರಳಿಗೆ ಪೆಟ್ರೋಲ್ ತಣ್ಣಗೆ ತಾಕುವ ತನಕ. ಆರನೇ ಕಿಕ್ಕಿಗೆ ಒಂದು ಕೆಮ್ಮು. ಒಂಬತ್ತನೆಯದಕ್ಕೆ ಓಣಿ ತುಂಬ ನೀಲಿ ಹೊಗೆ.

ಗಾಡಿ ಶುರುವಾದರೆ ಕೆಲಸ ಮುಗಿಯಿತು ಎನ್ನುವವರು ಅರ್ಧ ರುಚಿಯನ್ನು ಬಿಟ್ಟುಕೊಡುತ್ತಾರೆ. ಕಾರ್ಬೊರೇಟರಿನ ಒಂದೊಂದು ದಾರಿಯನ್ನು ನಮ್ಮ ಸೀಮೆಯ ಒಂದೊಂದು ರಸ್ತೆಯೇ ಪರೀಕ್ಷೆ ಮಾಡುತ್ತದೆ. ಬೈಲಹೊಂಗಲದ ಪೇಟೆಯ ಸಂದಣಿಯಲ್ಲಿ, ರಾಣಿ ಚೆನ್ನಮ್ಮನ ಸಮಾಧಿಯ ಊರಿನ ಆ ಇಕ್ಕಟ್ಟಿನ ಓಣಿಗಳಲ್ಲಿ, ಆಕ್ಸಿಲರೇಟರ್ ಬಿಟ್ಟರೂ ಗಾಡಿ ಸಾಯದಿದ್ದರೆ ಸಣ್ಣ ಜೆಟ್ ಸರಿಯಿದೆ ಎಂದರ್ಥ. ಕಿತ್ತೂರಿನ ಬಳಿ ಪುಣೆ-ಬೆಂಗಳೂರು ಹೆದ್ದಾರಿ ಹತ್ತಿ ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಅಲ್ಲಿ ಮಾತಾಡುವುದು ದೊಡ್ಡ ಜೆಟ್. ತಡವರಿಸಲಿಲ್ಲ. ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡದ ಏರಿಗೆ ಅರ್ಧ ಆಕ್ಸಿಲರೇಟರಿನಲ್ಲಿ ಎರಡನೇ ಗೇರು ಹಾಕಿದೆ. ಸ್ಲೈಡಿನಲ್ಲಿ ತೂಗುವ ಸೂಜಿ ಎಷ್ಟು ಎತ್ತರ ನಿಂತಿದೆ ಎಂಬುದು ತಿಳಿಯುವುದು ಇಂಥ ಏರಿನಲ್ಲೇ. ಮೊದಲು ಗುರುಗುಟ್ಟಿತು. ಕೆಳಗಿಳಿದು ಸೂಜಿಯ ಕ್ಲಿಪ್ಪನ್ನು ಒಂದು ಮನೆ ಮೇಲಕ್ಕೆ ಏರಿಸಿ, ಸೂಜಿ ಅಷ್ಟು ಇಳಿದು ಕೂತ ಮೇಲೆ, ಮತ್ತೆ ಹತ್ತಿದೆ. ಈ ಸಲ ಗಂಟಲು ಬಿಚ್ಚಿ ಹಾಡಿತು. ಕೆಳಗೆ ನವಿಲುತೀರ್ಥದ ನೀರು ಹೊಳೆಯುತ್ತಿತ್ತು.

ಹೊರಡುವಾಗ ಕಾಕಾ ಒಂದು ಮಾತು ಹೇಳಿದ್ದರು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಇಥೆನಾಲ್. ನಮ್ಮ ಮುನವಳ್ಳಿಯಲ್ಲೂ ಕಬ್ಬಿನಿಂದ ಅದನ್ನು ತೆಗೆಯುತ್ತಾರೆ. ಅದು ಗಾಳಿಯ ತೇವ ಹೀರುತ್ತದೆ. ಹಾಗಾಗಿ ನಾಲ್ಕು ದಿನ ನಿಲ್ಲಿಸುವುದಿದ್ದರೂ ಪೆಟ್ರೋಲಿನ ಕಾಕ್ ಬಂದ್ ಮಾಡಿ, ಬಟ್ಟಲು ಖಾಲಿಯಾಗಿ ಗಾಡಿ ತಾನೇ ಆರುವ ತನಕ ಬಿಡಬೇಕು.

ರಾಮದುರ್ಗ ದಾಟಿ ಹಳ್ಳಿ ಸೇರಿದಾಗ ಸಂಜೆ. ಮಾವ ಕಟ್ಟೆಯ ಮೇಲೆ ಆಗಲೇ ಎದ್ದು ನಿಂತಿದ್ದ. ಎರಿ ಹೊಲದ ಆಚೆಯಿಂದಲೇ ಕೇಳಿಸಿತ್ತಂತೆ. ಗಾಡಿಯನ್ನು ಅವನ ಮುಂದೆ ನಿಲ್ಲಿಸಿದೆ. ಮಾವ ಮುಟ್ಟಲಿಲ್ಲ. ಕಿವಿ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿದ. ಕಿಸೆಯಿಂದ ಚಿಕ್ಕ ಸ್ಕ್ರೂಡ್ರೈವರ್ ತೆಗೆದು, ಬಗ್ಗಲಾರದ ಮೊಣಕಾಲನ್ನು ಬದಿಗೆ ಚಾಚಿ, ಗಾಳಿಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದ. ಬಡಿತ ನಿಧಾನವಾಯಿತು, ದುಂಡಗಾಯಿತು. ನಾನು ಕಾಕಿನ ಕಡೆ ಕೈಹಾಕಿದೆ.

'ತಡಿ ಅಳಿಯಾ' ಅಂದ ಮಾವ. 'ಬಂದ್ ಮಾಡಬ್ಯಾಡ. ಇನ್ನೊಂದೀಟ ಕೇಳೂಣು.'