ಬಿಚ್ಚದ ಇಂಜಿನ್ ಎಂಬ ಪುರಾಣ

ಕೆಎ-23 ನಂಬರಿನ ಹಳೇ ಡೀಸೆಲ್ ಪಿಕಪ್ ಮಾರಾಟಕ್ಕೆ ಬಂತೆಂದರೆ ಟೈರು, ವಿಮೆ, ಫಿಟ್‌ನೆಸ್ ಎಲ್ಲಕ್ಕಿಂತ ಮೊದಲು ಕಿವಿಗೆ ಬೀಳುವ ಮಾತು ಒಂದೇ: “ಇಂಜಿನ್ ಇನ್ನಾ ಬಿಚ್ಚಿಲ್ರಿ.” ಚಿಕ್ಕೋಡಿಯ ದಲಾಲ ಇದನ್ನು ಹೇಳುತ್ತಾನೆ. ನಿಪ್ಪಾಣಿಯ ತಂಬಾಕು ಗೋದಾಮಿನ ಮುಂದೆ ಗಾಡಿ ಹಚ್ಚಿದವನೂ ಹೇಳುತ್ತಾನೆ, ಅಥಣಿಯಿಂದ ದ್ರಾಕ್ಷಿ ಹೇರಿಕೊಂಡು ಮಿರಜಿಗೆ ಹೊರಟವನೂ ಹೇಳುತ್ತಾನೆ. ಮೀಟರ್ ಎಷ್ಟೇ ಓಡಿರಲಿ, ಹೆಡ್ಡಿನ ಬೋಲ್ಟಿಗೆ ಪಾನಾ ಸೋಕಿಲ್ಲ ಎಂದ ಕೂಡಲೇ ಗಾಡಿಯ ಬೆಲೆ ಏರುತ್ತದೆ. ಕೊಳ್ಳುವವನೂ ಅರ್ಧ ನಂಬುತ್ತಾನೆ, ಏಕೆಂದರೆ ಹಳೇ ಡಿಐ (ಡೈರೆಕ್ಟ್ ಇಂಜೆಕ್ಷನ್) ಇಂಜಿನ್ನಿಗೆ ಸಾವಿಲ್ಲ ಎಂಬುದು ಈ ಸೀಮೆಯಲ್ಲಿ ಎಂದೋ ತೀರ್ಮಾನವಾದ ವಿಷಯ.

ಆ ತೀರ್ಮಾನವನ್ನು ಮತ್ತೊಮ್ಮೆ ವಿಚಾರಣೆಗೆ ತರಲೇಬೇಕು. ಇಂಜಿನ್ನಿಗೆ ಸಲ್ಲುತ್ತಿರುವ ಹೊಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದು ಮಿಸ್ತ್ರಿಗೆ ಮತ್ತು ಲೇತ್ ಮಷಿನ್ನಿಗೆ ಸೇರಬೇಕಾದದ್ದು. ಉಳಿದದ್ದರಲ್ಲಿ ದೊಡ್ಡ ಪಾಲು ಇಂಜಿನ್ನಿನ ಹಿಂದೆ ತೂಗಿಕೊಂಡಿರುವ, ಹೆಸರೆತ್ತಿ ಯಾರೂ ಹೊಗಳದ ಗೇರ್ ಬಾಕ್ಸಿಗೆ ಸೇರಬೇಕಾದದ್ದು.

ಡಿಐ ಎಂದರೇನು ಎಂದು ಇಲ್ಲಿನವರಿಗೆ ಹೇಳಿಕೊಡುವ ಅಗತ್ಯವಿಲ್ಲ. ಮಹೀಂದ್ರಾದ 2523 ಸಿಸಿ ಇಂಜಿನ್ನಿನ ಬೋರು 88.9 ಮಿ.ಮೀ., ಸ್ಟ್ರೋಕು 101.6 ಮಿ.ಮೀ. ವಿಚಿತ್ರವಾಗಿ ಕಾಣುವ ಈ ಅಂಕಿಗಳನ್ನು ಇಂಚಿಗೆ ಇಳಿಸಿದರೆ ಮೂರೂವರೆ ಮತ್ತು ನಾಲ್ಕು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಬಿಡಿ-154 ಎಂಬ ಟ್ರ್ಯಾಕ್ಟರ್ ಇಂಜಿನ್ನಿನ ಅಳತೆಯೂ ಸರಿಯಾಗಿ ಇದೇ. ಅದೇ ಕಂಪನಿ 1963ರಲ್ಲಿ ಮಹೀಂದ್ರಾ ಮತ್ತು ವೋಲ್ಟಾಸ್ ಜೊತೆ ಸೇರಿ ಭಾರತದಲ್ಲಿ ಟ್ರ್ಯಾಕ್ಟರ್ ಮಾಡಲು ನಿಂತಿತು. ಟಾಟಾ 207 ಡಿಐ ಕಥೆಯೂ ಬಹಳ ಬೇರೆಯಲ್ಲ. ಅದರ 2956 ಸಿಸಿ ಇಂಜಿನ್ 1986ರಲ್ಲಿ ಬಂದ 407 ಲಾರಿಯ 497 ವಂಶದ್ದು. ಅಂದರೆ ನಾಲ್ಕು ಸಿಲಿಂಡರ್, 97 ಮಿ.ಮೀ. ಬೋರು. ಲಾರಿ ಎಳೆಯಬೇಕಾದ ಯಂತ್ರಕ್ಕೆ ಪಿಕಪ್ಪಿನ ಹೊರೆ ಹೊರಿಸಿದರೆ ಅದು ಬೆವರದೇ ಓಡಿದ್ದರಲ್ಲಿ ಬೆರಗೇನು? ದಪ್ಪ ಬೀಡು, ನಿಧಾನದ ತಿರುಗಾಟ, ಕಡಿಮೆ ಕುದುರೆಬಲ. ಇಷ್ಟು ಶ್ರೇಯಸ್ಸನ್ನು ಇಂಜಿನ್ನಿಗೆ ಧಾರಾಳವಾಗಿ ಕೊಡಬಹುದು.

ಆದರೆ ಎಷ್ಟು ಬಾಳಿತು ಎಂಬ ಲೆಕ್ಕಕ್ಕೆ ಬಂದಾಗ ಎಲ್ಲರೂ ಕಿಲೋಮೀಟರಿಗೆ ಜೋತುಬೀಳುತ್ತಾರೆ. ಅಲ್ಲೇ ಮೊದಲ ಮೋಸ. ನಿಪ್ಪಾಣಿಯ ಪಿಕಪ್ ಹೆದ್ದಾರಿ 48ರ ಮೇಲೆ ಕೊಲ್ಹಾಪುರ, ಪುಣೆ ಎಂದು ಗಂಟೆಗೆ ಅರವತ್ತರ ಸರಾಸರಿಯಲ್ಲಿ ಓಡುತ್ತದೆ ಎಂದುಕೊಳ್ಳಿ. ಮೂರು ಲಕ್ಷ ಕಿ.ಮೀ. ಮುಗಿಸಲು ಅದಕ್ಕೆ 5,000 ತಾಸು ಸಾಕು. ರಾಯಬಾಗದ ಪಿಕಪ್ ಹೊಲದ ದಾರಿ ತುಳಿದು, ಸಂತೆಯಲ್ಲಿ ತೆವಳಿ, ಉಗಾರದಂಥ ಸಕ್ಕರೆ ಕಾರ್ಖಾನೆಯ ಊರಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಇಂಜಿನ್ ಚಾಲೂ ಇಟ್ಟುಕೊಂಡೇ ನಿಂತು, ಇಪ್ಪತ್ತರ ಸರಾಸರಿ ಕಂಡರೆ ಅದೇ ಹೆಚ್ಚು. ಅದರ ಒಂದು ಲಕ್ಷ ಕಿ.ಮೀ. ಎಂದರೂ 5,000 ತಾಸೇ. ಮೊದಲನೆಯದಕ್ಕೆ ಜನ ಕೈಮುಗಿಯುತ್ತಾರೆ, ಎರಡನೆಯದನ್ನು “ಒಂದ ಲಕ್ಷಕ್ಕ ಕುಂತತಿ” ಎಂದು ಮೂಗು ಮುರಿಯುತ್ತಾರೆ. ಮೀಟರಿನ ಕೇಬಲ್ ಕಡಿದು ವರ್ಷಗಟ್ಟಲೆ ಮುಳ್ಳು ಅಲ್ಲಾಡದೆ ಓಡಿದ ಗಾಡಿಗಳನ್ನು ಈ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ. ಟ್ರ್ಯಾಕ್ಟರಿಗೆ ತಾಸಿನ ಮೀಟರ್ ಇಟ್ಟ ಕಂಪನಿಗಳಿಗೆ ತಿಳಿದ ಸತ್ಯ ಪಿಕಪ್ ದಲಾಲರಿಗೆ ತಿಳಿಯಲಿಲ್ಲ ಎನ್ನಲಾಗದು. ತಿಳಿದು ಲಾಭವಿರಲಿಲ್ಲ, ಅಷ್ಟೆ.

ಈಗ ಹೆಡ್ ಎತ್ತಿ ಒಳಗೆ ನೋಡುವ ಹೊತ್ತು. ಸವೆದ ಬ್ಲಾಕಿನ ಸಿಲಿಂಡರಿನೊಳಗೆ ಬೆರಳು ಇಳಿಸಿ ಉಗುರನ್ನು ಗೋಡೆಗುಂಟ ಮೇಲಕ್ಕೆಳೆದರೆ ತುದಿಗಿಂತ ಸ್ವಲ್ಪ ಕೆಳಗೆ ಒಂದು ಅಂಚು ತಡೆಯುತ್ತದೆ. ಮೇಲಿನ ರಿಂಗ್ ತಲುಪುವ ಕೊನೆಯ ಗೆರೆ ಅದು. ಅದರ ಮೇಲೆ ಕಂಪನಿಯಿಂದ ಬಂದ ಮೂಲ ಅಳತೆ ಹಾಗೇ ಉಳಿದಿರುತ್ತದೆ, ಕೆಳಗೆ ಶುರುವಾಗುವುದೇ ಸವಕಳಿ. ಅತಿ ಹೆಚ್ಚು ಸವೆತ ಆಗುವುದೂ ಆ ಅಂಚಿನ ಬುಡದಲ್ಲೇ. ಅಲ್ಲಿ ಉರಿ ಹೆಚ್ಚು, ಒತ್ತಡ ಹೆಚ್ಚು, ಆಯಿಲ್ ಪದರ ಮಾತ್ರ ತೆಳು. ಅಥಣಿಯ ಪೂರ್ವಕ್ಕಿರುವ ಒಣಭೂಮಿಯ ಬೇಸಿಗೆ ಧೂಳು ಏರ್ ಫಿಲ್ಟರ್ ದಾಟಿ ಬಂದರೆ ಉಜ್ಜುವ ಕೆಲಸವೂ ಮೊದಲು ಅಲ್ಲೇ ನಡೆಯುತ್ತದೆ. ಕೆಳಕ್ಕೆ ಹೋದಂತೆ ಸವೆತ ಕಡಿಮೆ. ಹೀಗಾಗಿ ಬೋರು ಮೇಲೆ ಅಗಲ, ಕೆಳಗೆ ಕಿರಿದು. ಪಿಸ್ಟನ್ ಒಂದೇ ಮಗ್ಗುಲಿಗೆ ಒತ್ತುವುದರಿಂದ ಅದು ದುಂಡಗೂ ಉಳಿಯುವುದಿಲ್ಲ.

ಇಲ್ಲಿ ಒಂದು ಸಣ್ಣ ಗಣಿತವಿದೆ. ಮೇಲ್ಭಾಗದ ವ್ಯಾಸ ಬರೀ ಕಾಲು ಮಿಲಿಮೀಟರ್ ಹೆಚ್ಚಾದರೆ ಸುತ್ತಳತೆ ಅದರ ಮೂರು ಪಟ್ಟಿಗೂ ಮಿಕ್ಕಿ, ಅಂದರೆ ಸುಮಾರು 0.78 ಮಿ.ಮೀ. ಬೆಳೆಯುತ್ತದೆ. ರಿಂಗಿನ ಎರಡು ತುದಿಗಳ ನಡುವಿನ ಸಂದು ಅಷ್ಟೇ ಅಗಲವಾಗುತ್ತದೆ. ಕೆಳಗಿಳಿದಾಗ ಸಂದು ಕೂಡುತ್ತದೆ, ಮೇಲೇರಿದಾಗ ಬಿಚ್ಚುತ್ತದೆ. ನಿಮಿಷಕ್ಕೆ 2,000 ಸುತ್ತಿನಲ್ಲಿ ರಿಂಗ್ ಹೀಗೆ ಎರಡು ಸಾವಿರ ಬಾರಿ ಹಿಗ್ಗಿ ಎರಡು ಸಾವಿರ ಬಾರಿ ಕುಗ್ಗುತ್ತಿರುತ್ತದೆ. ಆ ಸಂದಿಯಿಂದ ನುಸುಳಿದ ಗ್ಯಾಸೇ ಗ್ಯಾರೇಜಿನವರ “ಬ್ಯಾಕ್ ಕಂಪ್ರೆಶನ್”. ಇಂಜಿನ್ ಚಾಲೂ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅದೇ ತೂತಿನ ಮೇಲೆ ಬೋರಲು ಇಟ್ಟರೆ ಅದು ಕುಣಿಯುವುದು ಇದರಿಂದಲೇ.

ಇಂಥ ಇಂಜಿನ್ನಿಗೆ ಸರಿಯಾದ ಚಿಕಿತ್ಸೆ ರಿಬೋರ್. ಬೋರನ್ನು ಪೂರ್ತಿ ಕೆತ್ತಿ ದುಂಡಗೆ ಮಾಡಿ, ಹೋನಿಂಗ್ ಕೊಟ್ಟು, ಓವರ್‌ಸೈಜ್ ಪಿಸ್ಟನ್ ಇಳಿಸಬೇಕು. ಬೆಳಗಾವಿಯ ಉದ್ಯಮಬಾಗದಲ್ಲೋ ಕೊಲ್ಹಾಪುರದ ಉದ್ಯಮನಗರದಲ್ಲೋ ಈ ಕೆಲಸ ಗಟ್ಟಿಯಾಗಿ ಆಗುತ್ತದೆ. ಆದರೆ ಮಾರಲು ಹೊರಟ ಗಾಡಿಗೆ ನಡೆಯುವುದು “ಹಾಫ್ ಇಂಜಿನ್”. ಹೆಡ್ ಎತ್ತು, ಹಳೇ ಬೋರಿಗೇ ಹೊಸ ರಿಂಗ್ ಕೂರಿಸು, ಬೇರಿಂಗ್ ಶೆಲ್ ಬದಲಿಸು, ಮುಚ್ಚು. ಹೊಸ ರಿಂಗ್ ದುಂಡಗಿದೆ, ಬೋರು ಮೊಟ್ಟೆಯಾಕಾರ. ಹೊಸ ರಿಂಗಿನ ಚೂಪು ಮೂಲೆ ಮೇಲಿನ ಆ ಅಂಚಿಗೆ ಹೊಡೆಯುತ್ತದೆ, ಎಷ್ಟೋ ಸಲ ಮುರಿಯುತ್ತದೆ. ಕೆಲವು ತಿಂಗಳು ಹೊಗೆ ನಿಂತಂತೆ ಕಾಣುವುದು ನಿಜ, ಮಾರಾಟ ಮುಗಿಯಲು ಅಷ್ಟು ಅವಧಿ ಸಾಕು. “ಬಿಚ್ಚಿಲ್ಲ” ಎನ್ನುವ ಗಾಡಿಯ ಹೆಡ್ ಗ್ಯಾಸ್ಕೆಟ್ಟಿನ ಅಂಚು ಸುತ್ತಲಿನ ಎಣ್ಣೆಗಸಿಗಿಂತ ಹೊಸದಾಗಿ ಕಂಡರೆ, ಬೋಲ್ಟಿನ ಷಟ್ಕೋನದ ಮೂಲೆಗಳಲ್ಲಿ ಬೆಳ್ಳಗೆ ಪಾನಾದ ಗೀರು ಮಿಂಚಿದರೆ, ಆ ಮಾತು ಅಲ್ಲಿಗೇ ಬಿದ್ದುಹೋಗಬೇಕು. ಬೀಳುವುದಿಲ್ಲ.

ಬಾಳಿಕೆಯ ಗುಟ್ಟು ಇರುವುದು ರಿಬೋರಿನಂಥ ಕೆಲಸದಿಂದ ಮತ್ತೆ ಹುಟ್ಟುವ ಸೌಲಭ್ಯದಲ್ಲಿ. ಪಿಸ್ಟನ್ನಿಗೆ ಓವರ್‌ಸೈಜ್ ಉಂಟು, ಕ್ರ್ಯಾಂಕನ್ನು ಕಾಲು, ಅರ್ಧ, ಮುಕ್ಕಾಲು, ಒಂದು ಮಿಲಿಮೀಟರಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಗ್ರೈಂಡ್ ಮಾಡಬಹುದು. ಎಲ್ಲ ಮೆಟ್ಟಿಲು ಮುಗಿದರೆ ಬ್ಲಾಕಿಗೆ ಸ್ಲೀವ್ ಹಾಕಿ ಮೊದಲಿನ ಅಳತೆಗೇ ಮರಳಬಹುದು. ಜಗತ್ತಿನ ಅತಿ ಪ್ರಸಿದ್ಧ ಡೀಸೆಲ್ ದಂತಕಥೆಯೂ ಇದೇ ಜಾತಿಯದು. ಗ್ರೀಸಿನ ಟ್ಯಾಕ್ಸಿ ಚಾಲಕ ಗ್ರೆಗೋರಿಯೋಸ್ ಸಚಿನಿಡಿಸ್ 46 ಲಕ್ಷ ಕಿ.ಮೀ. ಓಡಿಸಿದ ಮರ್ಸಿಡಿಸ್ 240 ಡಿ ಕಾರನ್ನು 2004ರಲ್ಲಿ ಕಂಪನಿಯೇ ತನ್ನ ಸಂಗ್ರಹಾಲಯಕ್ಕೆ ಪಡೆಯಿತು. ಆ ಕಾರಿನ ಒಎಂ616 ಇಂಜಿನ್ನಿನ ವಂಶವೇ ಪುಣೆಯ ಬಜಾಜ್ ಟೆಂಪೋ ಮೂಲಕ ನಮ್ಮ ಟ್ರ್ಯಾಕ್ಸ್‌ಗಳಿಗೂ ಬಂದದ್ದು. ಆದ್ದರಿಂದ ಆ 46 ಲಕ್ಷ ಇಲ್ಲಿಯ ಕಟ್ಟೆಗಳಲ್ಲೂ ಉಲ್ಲೇಖವಾಗುತ್ತದೆ. ಸಚಿನಿಡಿಸ್ ಮೂರು ಇಂಜಿನ್ನುಗಳನ್ನು ಸರದಿಯಂತೆ ಬದಲಿಸಿಕೊಂಡು ಆ ದೂರ ಕ್ರಮಿಸಿದ ಎಂಬ ಸಾಲು ಮಾತ್ರ ಉಲ್ಲೇಖವಾಗುವುದಿಲ್ಲ.

ಗೇರ್ ಬಾಕ್ಸಿಗೆ ಇಂಥ ಮರುಜನ್ಮವಿಲ್ಲ. ಗೇರಿನ ಹಲ್ಲಿಗೆ ಗಡಸುತನ ಇರುವುದು ಮೇಲಿನ ಒಂದು ಮಿಲಿಮೀಟರ್ ಆಸುಪಾಸಿನ ಚರ್ಮದಲ್ಲಿ ಮಾತ್ರ. ಅದು ಕುಳಿಬಿದ್ದರೆ ಕೆತ್ತಲೂ ಆಗದು, ತುಂಬಲೂ ಆಗದು, ಎಸೆಯಬೇಕು. ಮೊದಲ ಗೇರಿನಲ್ಲಿ ಇಂಜಿನ್ನಿನ ತಿರುಚುಬಲ ಮೂರೂವರೆ, ನಾಲ್ಕು ಪಟ್ಟಾಗಿ ಹೊರಬೀಳುವಾಗ ಶಾಫ್ಟುಗಳನ್ನು ಪರಸ್ಪರ ದೂರ ತಳ್ಳುವ ಒತ್ತಡವನ್ನು ಕೆಳಗಿನ ಲೇ ಶಾಫ್ಟಿನ ಬೇರಿಂಗೂ ತಿನ್ನುತ್ತದೆ. ಹೆದ್ದಾರಿಯ ಗಾಡಿ ಐದು ಗೇರಿನ ಬಾಕ್ಸಿನಲ್ಲಿ ನಾಲ್ಕಕ್ಕೆ ಬಿದ್ದಾಗ ಒಳಬರುವ ಶಾಫ್ಟೂ ಹೊರಹೋಗುವ ಶಾಫ್ಟೂ ಒಂದಾಗಿ ಬೀಗಗೊಂಡು ಲೇ ಶಾಫ್ಟ್ ಸುಮ್ಮನೆ ತಿರುಗುತ್ತದೆ. ಕಾಗವಾಡದ ಹೊಲದಲ್ಲಿ ಒಂದೂಕಾಲು ಟನ್ನಿನ ಗಾಡಿಗೆ ಎರಡು ಟನ್ ಹೇರಿ ಕೆಸರಿನಿಂದ ಎಬ್ಬಿಸುವವನಿಗೆ ಆ ಭಾಗ್ಯವಿಲ್ಲ. ಬೇರಿಂಗ್ ಸಡಿಲಾಗಿ ಎರಡನೇ ಗೇರ್ ಹಾರಲು ಶುರುವಾದರೂ ಆತ ಗ್ಯಾರೇಜಿಗೆ ಹೋಗುವುದಿಲ್ಲ. ಹಳೇ ಟ್ಯೂಬಿನ ತುಂಡಿನಿಂದ ಲಿವರನ್ನು ಸೀಟಿಗೆ ಎಳೆದು ಕಟ್ಟಿಕೊಂಡು ಹಂಗಾಮು ಮುಗಿಸುತ್ತಾನೆ.

ಮಳೆಗಾಲದ ಪಾಡು ಬೇರೆಯೇ. ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭೀವಶಿ ಸೇತುವೆಗಳು ಪ್ರತಿ ಜುಲೈ ಆಸುಪಾಸಿನಲ್ಲಿ ಮುಳುಗುವುದು ಚಿಕ್ಕೋಡಿ, ನಿಪ್ಪಾಣಿ ಸೀಮೆಗೆ ಸುದ್ದಿಯೇ ಅಲ್ಲ. ನೀರು ಏರುವ ಮುಂಚೆ ದಾಟಿಬಿಡೋಣ ಎಂದು ಬಿಸಿಯಾದ ಗಾಡಿಯನ್ನು ತಣ್ಣೀರಿಗೆ ಇಳಿಸಿದರೆ ಗೇರ್ ಬಾಕ್ಸಿನೊಳಗಿನ ಬಿಸಿ ಗಾಳಿ ಥಟ್ಟನೆ ಕುಗ್ಗಿ, ಬ್ರೀದರ್ ತೂತಿನಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಎಣ್ಣೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಇಂಜಿನ್ನಿಗೆ ನೀರು ಹೋದರೆ ಮನೆಮಂದಿಯೆಲ್ಲ ಗ್ಯಾರೇಜಿನಲ್ಲಿ. ಗೇರ್ ಬಾಕ್ಸಿನ ಡ್ರೇನ್ ನಟ್ ನೆನಪಾಗುವುದು ಮುಂದಿನ ಮಾಲೀಕನಿಗೆ. ಇಷ್ಟೆಲ್ಲ ಸಹಿಸಿಯೂ ಮುಂದಿರುವ ಇಂಜಿನ್ ಎರಡು ಬಾರಿ ರಿಬೋರ್ ಆಗುವ ತನಕ ಮುಚ್ಚಿದ್ದು ಮುಚ್ಚಿದಂತೆಯೇ ದುಡಿದ ಗೇರ್ ಬಾಕ್ಸುಗಳಿವೆ. “ಬಿಚ್ಚಿಲ್ಲ” ಎಂಬ ಬಿರುದು ಯಾರಿಗಾದರೂ ಸಲ್ಲುವುದಾದರೆ ಅವುಗಳಿಗೆ.

ಈ ಮಾತು ಪಟ್ಟಣದ ವಾಹನ ವಿಮರ್ಶಕರ ಕಿವಿಗೆ ಬೀಳುವುದಿಲ್ಲ. ಕಂಪನಿ ಕೊಟ್ಟ ಹೊಸ ಗಾಡಿಯನ್ನು ಮೂರು ದಿನ ಓಡಿಸಿ “ಒರಟು, ಸದ್ದು ಜಾಸ್ತಿ, ಹಳೇ ಕಾಲದ್ದು” ಎಂದು ಬರೆದವರು ಬಾಳಿಕೆಯ ಬಗ್ಗೆ ತೀರ್ಪು ಕೊಡುವ ಅಧಿಕಾರವನ್ನು ಅಲ್ಲೇ ಬಿಟ್ಟುಕೊಟ್ಟರು. ಅವರಿಗೆ ಉತ್ತರವಾಗಿ ಹುಟ್ಟಿಕೊಂಡ “ಹಳೇದೇ ಬಂಗಾರ” ಪಂಥ ಇನ್ನೂ ಉಡಾಫೆಯದು. ಹೊಸ ಹೊಗೆ ನಿಯಮದ ಬಿಎಸ್-6 ಇಂಜಿನ್ನುಗಳಿಗೆ ಆಯುಷ್ಯವಿಲ್ಲ ಎಂದು ಅವರು ಆಣೆ ಮಾಡುತ್ತಾರೆ. ಬೊಲೆರೊ ಪಿಕಪ್ಪಿನ ಕಾಮನ್ ರೈಲ್ ಇಂಜಿನ್ ಕೂಡ 2523 ಸಿಸಿಯದೇ ಎಂದು ತೋರಿಸಿದರೆ ಮಾತು ಬದಲಿಸುತ್ತಾರೆ. ಗಂಧಕದ ವಿಷಯ ಅವರು ಎತ್ತುವುದೇ ಇಲ್ಲ. ಬಿಎಸ್-3 ಡೀಸೆಲ್ಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 350 ಭಾಗ. ದೇಶಾದ್ಯಂತ 2017ರಲ್ಲಿ ಅದು 50ಕ್ಕೆ, 2020ರಲ್ಲಿ 10ಕ್ಕೆ ಇಳಿಯಿತು. ಉರಿದ ಗಂಧಕ ಆಮ್ಲವಾಗಿ ಬೋರನ್ನೂ ರಿಂಗನ್ನೂ ತಿನ್ನುತ್ತದೆ. ಅಂದಮೇಲೆ ಹಳೇ ಡಿಐ ಇವತ್ತಿಗೂ ಉಸಿರಾಡುತ್ತಿರುವುದರಲ್ಲಿ ಅವರು ಬೈಯುವ ಹೊಸ ಕಾನೂನಿನ ಪಾಲೂ ಇದೆ.

ಅವರ ದೂರಿನಲ್ಲಿ ಒಂದು ಅಂಶ ಮಾತ್ರ ನಿಲ್ಲುತ್ತದೆ. ಹಳೇ ಮೈಕೋ ಡೀಸೆಲ್ ಪಂಪು ಕೆಟ್ಟರೆ ಊರಿನ ಪಂಪ್ ರೂಮಿನಲ್ಲೇ ಕ್ಯಾಲಿಬ್ರೇಶನ್ ಮಾಡಿಸಿ ಸಂಜೆಗೆ ಜೋಡಿಸಬಹುದಿತ್ತು. ಕಾಮನ್ ರೈಲ್ ಇಂಜೆಕ್ಟರಿಗೆ ಸ್ಕ್ಯಾನರ್ ಬೇಕು, ಬದಲಿ ಭಾಗ ಬೇಕು, ಕೈಯಲ್ಲಿ ದೊಡ್ಡ ಮೊತ್ತ ಬೇಕು. ಕಬ್ಬಿಣ ಅಷ್ಟೇ ಗಟ್ಟಿಯಾಗಿದ್ದರೂ ರಿಪೇರಿ ಕೈಗೆಟುಕದೆ ಮೂಲೆ ಸೇರುವ ಪಿಕಪ್ಪುಗಳು ಮುಂದೆ ಹೆಚ್ಚಲಿವೆ. ಹಳೇ ಗಾಡಿಗೇ ಕೈಹಾಕುವವರು ಆಯಿಲ್ ಮುಚ್ಚಳದ ಕುಣಿತ ನೋಡಿದ ಮೇಲೆ ಇನ್ನೊಂದು ಕೆಲಸ ಮಾಡಬೇಕು. ಗೇರ್ ಬಾಕ್ಸಿನ ಡ್ರೇನ್ ನಟ್ ಬಿಚ್ಚಿಸಿ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಬೇಕು. 90 ನಂಬರ್ ಇರಬೇಕಾದ ಜಾಗದಲ್ಲಿ 140ರ ಗಟ್ಟಿ ಎಣ್ಣೆ ಅಂಟಿದರೆ ಬೇರಿಂಗಿನ ಊಳು ಮುಚ್ಚಲು ಅದನ್ನು ಸುರಿದಿರಬಹುದು. ಹಿತ್ತಾಳೆಯ ಪುಡಿ ಮಿಂಚಿದರೆ ಸಿಂಕ್ರೊನೈಸರ್ ರಿಂಗ್ ಕರಗುತ್ತಿದೆ. ಉಕ್ಕಿನ ಚೂರು ಸಿಕ್ಕರೆ ದಲಾಲ ಎಷ್ಟೇ ಇಳಿಸಿದರೂ ಆ ಬೆಲೆ ದುಬಾರಿ.