ಚಿಕ್ಕ ಕೋಶಗಳ ಕಡೆಗಣನೆ

ಗರ್ಭಕಂಠದ ಕೋಶಗಳ ಪ್ಯಾಪ್ ಸ್ಮಿಯರ್ ಓದುವುದನ್ನು ಕಲಿಸುವಾಗ ನಮ್ಮಲ್ಲಿ ಮೊದಲು ಹೇಳಿಕೊಡುವುದು ನ್ಯೂಕ್ಲಿಯಸ್ಸಿನ ಗಾತ್ರ. ದೊಡ್ಡದಿದ್ದರೆ ಅನುಮಾನಪಡು ಎಂಬ ಈ ಪಾಠಕ್ಕೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು.  ನನ್ನ ತಕರಾರು ಕಣ್ಣನ್ನು ಪಳಗಿಸುವ ರೀತಿಯ ಬಗ್ಗೆ.

ಪ್ಯಾಪ್ ಫಲಿತಾಂಶಗಳನ್ನು ವರ್ಗೀಕರಿಸುವ ಬೆಥೆಸ್ಡಾ ಪದ್ಧತಿಯಲ್ಲಿ ಎಲ್‌ಎಸ್‌ಐಎಲ್ ಎನ್ನುವ ಕೆಳದರ್ಜೆಯ ಬದಲಾವಣೆಯಲ್ಲಿ ನ್ಯೂಕ್ಲಿಯಸ್ಸಿನ ವಿಸ್ತೀರ್ಣ ಸಹಜ ಇಂಟರ್‌ಮೀಡಿಯೇಟ್ ಕೋಶದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಅಗಲವಾದ ಕೋಶ, ದಟ್ಟ ಬಣ್ಣದ ನ್ಯೂಕ್ಲಿಯಸ್: 10ರ ಲೆನ್ಸಿನಲ್ಲೇ ಕಣ್ಣಿಗೆ ಬೀಳುತ್ತದೆ. ಆದರೆ ಇವುಗಳಲ್ಲಿ ಬಹುಪಾಲು ತಾವಾಗಿಯೇ ವಾಸಿಯಾಗುತ್ತವೆ. ನಿಜಕ್ಕೂ ಹೆದರಬೇಕಾದ ಮೇಲ್ದರ್ಜೆಯ ಎಚ್‌ಎಸ್‌ಐಎಲ್ ಕೋಶವೇ ಚಿಕ್ಕದು. ಅದರ ನ್ಯೂಕ್ಲಿಯಸ್ ಎಷ್ಟೋ ಸಲ ಎಲ್‌ಎಸ್‌ಐಎಲ್‌ನದಕ್ಕಿಂತ ಸಣ್ಣ. ಸುತ್ತಲಿನ ಸೈಟೋಪ್ಲಾಸಂ ಮಾತ್ರ ಇನ್ನೂ ಕುಗ್ಗಿರುತ್ತದೆ. ಲೋಳೆಯ ಎಳೆಯಲ್ಲಿ ಸಿಕ್ಕಿಕೊಂಡ ಇಂಥ ಒಂಟಿ ಕೋಶಗಳನ್ನು ಅವಸರದ ಕಣ್ಣು ನಿರುಪದ್ರವಿ ಹಿಸ್ಟಿಯೋಸೈಟ್ ಎಂದುಕೊಂಡು ದಾಟಿಬಿಡುತ್ತದೆ. ಅಲ್ಲಿ 40ರ ಲೆನ್ಸ್ ಹಾಕಿ ನಿಲ್ಲಬೇಕು, ಅಂಚು ನೋಡಬೇಕು. ನಿರುಪದ್ರವಿಯಾದ, ಬಲಿಯದ ಮೆಟಾಪ್ಲಾಸ್ಟಿಕ್ ಕೋಶದಲ್ಲೂ ಸೈಟೋಪ್ಲಾಸಂ ಕಡಿಮೆಯೇ. ಆದರೆ ನ್ಯೂಕ್ಲಿಯಸ್ಸಿನ ಗೆರೆ ನಯವಾಗಿ ದುಂಡಗಿರುತ್ತದೆ, ಕ್ರೊಮ್ಯಾಟಿನ್ ನವಿರಾಗಿ ಸಮನಾಗಿ ಹರಡಿರುತ್ತದೆ. ಎಚ್‌ಎಸ್‌ಐಎಲ್‌ನಲ್ಲಿ ಆ ಗೆರೆ ಅಲ್ಲಲ್ಲಿ ಒಳಕ್ಕೆ ಚುಚ್ಚಿಕೊಂಡು ಮಡಿಚಿರುತ್ತದೆ; ಕ್ರೊಮ್ಯಾಟಿನ್ ತರಿತರಿ. ಜೊತೆಗೆ, ಸ್ಲೈಡನ್ನು ಕೂಡಲೇ 95% ಆಲ್ಕೊಹಾಲಿನಲ್ಲಿ ಮುಳುಗಿಸದೆ ಗಾಳಿಗೆ ಒಣಗಲು ಬಿಟ್ಟರೆ ಆರೋಗ್ಯವಂತ ನ್ಯೂಕ್ಲಿಯಸ್ಸೂ ಉಬ್ಬುತ್ತದೆ. ಗಾತ್ರವನ್ನೇ ನಂಬಿದವರಿಗೆ ಆಗ ಎಲ್ಲವೂ ರೋಗವೇ.

ಎಚ್‌ಪಿವಿ ಎಂಬ, ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸಿನ ಪರೀಕ್ಷೆ ಬಂದಮೇಲೆ ಈ ಚರ್ಚೆಯೇ ಹಳಸಲು ಎನ್ನುವ ವೈದ್ಯರಿದ್ದಾರೆ. ಅವರ ಕೈಯಲ್ಲಿ ಗಟ್ಟಿ ಸಾಕ್ಷ್ಯವೂ ಇದೆ. ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಸಲದ ಎಚ್‌ಪಿವಿ ಪರೀಕ್ಷೆಯಿಂದ ಗರ್ಭಕಂಠದ ಕ್ಯಾನ್ಸರಿನ ಸಾವು ಇಳಿಯಿತು. ಪ್ಯಾಪ್ ಗುಂಪಿನಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಒಪ್ಪುತ್ತೇನೆ. ಆದರೆ ವೈರಸ್ ಇದೆ ಅಂದಮಾತ್ರಕ್ಕೆ ಕೋಶ ಕೆಟ್ಟಿದೆ ಎಂದಾಗುವುದಿಲ್ಲ. ಸೋಂಕು ಇರುವವರಲ್ಲಿ ಯಾರನ್ನು ಗರ್ಭಕಂಠವನ್ನು ಮಸೂರದಿಂದ ನೋಡುವ ಕಾಲ್ಪೊಸ್ಕೊಪಿಗೆ ಕಳಿಸಬೇಕು ಎಂದು ಬೇರ್ಪಡಿಸಲು ಎಷ್ಟೋ ಕಡೆ ಮತ್ತೆ ಇದೇ ಸ್ಲೈಡು ಬೇಕು. ಹೀಗಿರುವಾಗ ಸೂಕ್ಷ್ಮದರ್ಶಕವನ್ನು ಮೂಲೆಗೆ ಸರಿಸಿ ಎನ್ನುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ. ಸೋಂಕಿರುವವರನ್ನು ಆರಿಸಿಯೇ ಕಳಿಸಿದಾಗ ಒಂದೊಂದು ಸ್ಲೈಡಿನ ಓದಿಗೂ ಬೆಲೆ ಹೆಚ್ಚುತ್ತದೆ.

ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮೊದಲ ಪಾಠಕ್ಕೆ ದೊಡ್ಡ ಕೋಶದ ಸ್ಲೈಡು ತೆಗೆಯಬೇಡಿ. ಎಚ್‌ಎಸ್‌ಐಎಲ್ ಒಂದು, ಬಲಿಯದ ಮೆಟಾಪ್ಲಾಸಿಯಾ ಒಂದು, ಎರಡನ್ನೂ ಒಟ್ಟಿಗೆ ಕೊಟ್ಟು, ನ್ಯೂಕ್ಲಿಯಸ್ಸಿನ ಗೆರೆಯನ್ನು ವಿದ್ಯಾರ್ಥಿಯ ಕೈಯಿಂದಲೇ ಕಾಗದದ ಮೇಲೆ ಬರೆಸಿ.