ಎದುರು ಅರ್ಥ ಹೇಳದ ಸಂಗಾತಿ: ‘ಡಾಕ್ಟರ್ ಹೂ’ ಸರಣಿಯ ಯಾಸ್ಮಿನ್ ಖಾನ್ ಪಾತ್ರದ ಬಗ್ಗೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಬೆಳಗ್ಗಿನಿಂದ ಕಾದಂಬರಿ, ಪಾಡ್ದನ, ಪ್ರಸಂಗ ಸಾಹಿತ್ಯ ಅಂತ ಕೇಳಿದವರಿಗೆ ಈ ಬಿಬಿಸಿ ಧಾರಾವಾಹಿ ನಡುವಿನಲ್ಲಿ ಎಂತಕ್ಕೆ ಬಂತು ಅಂತ ಅನಿಸಿರಬಹುದು. ನನಗೂ ಮೊದಲು ಸಂಕೋಚ ಇತ್ತು. ಆದರೆ ನಾವು ಇವತ್ತು ಮಾತಾಡ್ತಾ ಇರುವುದು ಪಾತ್ರದ ಬಗ್ಗೆ. ಪಾತ್ರ ಅಂದರೆ ಏನು ಅನ್ನುವ ಪ್ರಶ್ನೆ ನನ್ನನ್ನು ನಿಜವಾಗಿ ಕಾಡಿದ್ದು ಈ ಸರಣಿಯನ್ನು ನೋಡುವಾಗ. ಹಾಗಾಗಿ ಅದನ್ನೇ ತೆಗೆದುಕೊಂಡೆ.

ನೋಡದವರಿಗಾಗಿ ಎರಡು ಮಾತು. ‘ಡಾಕ್ಟರ್ ಹೂ’ ಶುರುವಾದದ್ದು 1963ರ ನವೆಂಬರ್ 23ರಂದು. ನಡುವೆ ಒಂದು ದೊಡ್ಡ ವಿರಾಮ ಬಂದು, 2005ರಲ್ಲಿ ಮತ್ತೆ ಶುರುವಾಯಿತು. ಡಾಕ್ಟರ್ ಅಂದರೆ ಮದ್ದು ಕೊಡುವವರಲ್ಲ. ಬೇರೆ ಗ್ರಹದಿಂದ ಬಂದ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಒಂದು ಜೀವ. ವಾಹನದ ಹೆಸರು ಟಾರ್ಡಿಸ್, ಹೊರಗಿನಿಂದ ಕಂಡರೆ ಒಂದು ನೀಲಿ ಪೊಲೀಸ್ ಪೆಟ್ಟಿಗೆ. 1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಾಗ ತಯಾರಕರು ಒಂದು ಉಪಾಯ ಹೂಡಿದರು: ಡಾಕ್ಟರ್ ಸಾಯುವ ಹೊತ್ತಿಗೆ ಇಡೀ ದೇಹ ಬದಲಾಗಿ ಹೊಸ ಮುಖ ಬರ್ತದೆ. ಹಾಗೆ ಪ್ಯಾಟ್ರಿಕ್ ಟ್ರೌಟನ್ ಬಂದರು. ಆಮೇಲೆ ಒಬ್ಬರ ನಂತರ ಒಬ್ಬರು ಬರ್ತಾ ಹೋದರು.

ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು, ಕುಂಬಳೆ ಸೀಮೆಯವರಿಗೆ ಅನಿಸಬಾರದು. ಒಂದೇ ಕರ್ಣ ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದು ಕೂತವರೇ ವಾಲಿ, ಅವರೇ ರಾವಣ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಬೇರೆಯವರ ವಾಲಿಯನ್ನೂ ಕೇಳಿ ಮೆಚ್ಚಿದ್ದುಂಟು. ಮುಖ ಬದಲಾದರೂ ಪಾತ್ರ ಉಳಿಯುತ್ತದೆ ಅನ್ನುವುದು ನಮಗೆ ರಾತ್ರಿ ಕೂತು ಕೇಳಿ ಗೊತ್ತಿರುವ ಸಂಗತಿ.

ಹಾಗಾದರೆ ಅಲ್ಲಿ ಪಾತ್ರ ಹುಟ್ಟುವುದು ಎಲ್ಲಿಂದ? ಭಾಗವತರ ಪದ್ಯದಿಂದ ಅರ್ಧ. ಇನ್ನರ್ಧ ಎದುರು ಕೂತವರಿಂದ. ರಾಮನ ಅರ್ಥ ಹೇಳುವವರು ಸಪ್ಪೆಯಾದರೆ ವಾಲಿ ಎಷ್ಟು ದೊಡ್ಡವರಾದರೂ ಆ ದಿನದ ಕೂಟ ಬಿದ್ದುಹೋಗ್ತದೆ. ಎದುರಿನವರು ಪ್ರಶ್ನೆ ಎತ್ತಬೇಕು, ಒಪ್ಪದೆ ನಿಲ್ಲಬೇಕು, ಆಗ ಇವರ ಒಳಗಿದ್ದದ್ದು ಹೊರಗೆ ಬರುತ್ತದೆ. ‘ಡಾಕ್ಟರ್ ಹೂ’ ಸರಣಿಯಲ್ಲಿ ಈ ಎದುರು ಅರ್ಥದ ಜಾಗ ಸಂಗಾತಿಯದ್ದು. ಡಾಕ್ಟರ್ ಜೊತೆಗೆ ಪ್ರಯಾಣ ಹೊರಡುವ, ಸಾಮಾನ್ಯವಾಗಿ ಭೂಮಿಯವರೇ ಆದ ಒಬ್ಬರು ಅಥವಾ ಕೆಲವರು.

ಒಂದು ಒಳ್ಳೆಯ ಉದಾಹರಣೆ ಕೊಟ್ಟು ಮುಂದೆ ಹೋಗ್ತೇನೆ. 2008ರ ಪೊಂಪೇ ನಗರದ ಸಂಚಿಕೆ. ಜ್ವಾಲಾಮುಖಿ ಸಿಡಿಯಲೇಬೇಕು, ಊರು ಸಾಯಲೇಬೇಕು, ಇತಿಹಾಸ ಬದಲಾಯಿಸುವ ಹಾಗಿಲ್ಲ ಅಂತ ಡಾಕ್ಟರ್ ಹೇಳ್ತಾನೆ. ಸಂಗಾತಿ ಡೊನ್ನಾ ನೋಬಲ್ ಒಪ್ಪುವುದಿಲ್ಲ. ಊರನ್ನು ಉಳಿಸಲು ಆಗದಿದ್ದರೆ ಬೇಡ, ಯಾರಾದರೂ ಒಬ್ಬರನ್ನಾದರೂ ಉಳಿಸು ಅಂತ ಅಳುತ್ತಾಳೆ, ಹಟ ಹಿಡಿಯುತ್ತಾಳೆ. ಅವನು ತಿರುಗಿ ಹೋಗಿ ಒಂದು ಕುಟುಂಬವನ್ನು ಕರೆತರುತ್ತಾನೆ. ಆ ಹತ್ತು ನಿಮಿಷದಲ್ಲಿ ಡೊನ್ನಾ ಯಾರು ಅಂತಲೂ ಗೊತ್ತಾಗ್ತದೆ, ಡಾಕ್ಟರ್ ಯಾರು ಅಂತಲೂ ಗೊತ್ತಾಗ್ತದೆ.

ಈಗ ಯಾಸ್ಮಿನ್ ಖಾನ್ ವಿಷಯಕ್ಕೆ ಬರುತ್ತೇನೆ. 2018ರಲ್ಲಿ ಕ್ರಿಸ್ ಚಿಬ್ನಲ್ ಸರಣಿಯ ಹೊಣೆ ಹೊತ್ತರು. ಜೋಡಿ ವಿಟ್ಟೇಕರ್ ಮೊದಲ ಬಾರಿಗೆ ಹೆಣ್ಣು ಡಾಕ್ಟರ್ ಆದರು. ಅವರ ಜೊತೆಗೆ ಮೂವರು ಸಂಗಾತಿಗಳು: ರಾಯನ್, ಅವನ ಅಜ್ಜಿಯ ಗಂಡ ಗ್ರಹಾಂ, ಮತ್ತೆ ಷೆಫೀಲ್ಡಿನ ತರಬೇತಿ ಹಂತದ ಪೊಲೀಸ್ ಯಾಸ್ಮಿನ್ ಖಾನ್, ಎಲ್ಲರ ಬಾಯಲ್ಲಿ ಯಾಸ್. ಪಾಕಿಸ್ತಾನಿ ಮೂಲದ ಮುಸ್ಲಿಂ ಕುಟುಂಬದ ಹುಡುಗಿ. ನಟಿ ಮಂದೀಪ್ ಗಿಲ್. 2018ರಿಂದ 2022ರವರೆಗೆ ವಿಟ್ಟೇಕರ್ ಅವರ 31 ಸಂಚಿಕೆಗಳಲ್ಲಿ ಉದ್ದಕ್ಕೂ ಉಳಿದ ಸಂಗಾತಿ ಇವಳೊಬ್ಬಳೇ. ನನ್ನ ತಕರಾರು ಇಷ್ಟೇ: ಇಷ್ಟು ಕಾಲ ತೆರೆಯ ಮೇಲೆ ಇದ್ದ ಒಬ್ಬಳ ಬಗ್ಗೆ ನಮಗೆ ಇಷ್ಟು ಕಡಿಮೆ ಗೊತ್ತಿರುವುದು ಹೇಗೆ? ನಟಿಯ ತಪ್ಪು ಖಂಡಿತ ಅಲ್ಲ. ಪದ್ಯವೇ ಸಿಗದಿದ್ದರೆ ಅರ್ಥಧಾರಿ ಎಂಥ ಹೇಳುವುದು?

ಮೊದಲ ಸಂಚಿಕೆಯನ್ನೇ ನೋಡಿ. ರಾಯನಿಗೆ ಸೈಕಲ್ ಹೊಡೆಯಲು ಆಗುವುದಿಲ್ಲ, ದೇಹದ ಹಿಡಿತದ ಒಂದು ತೊಂದರೆ ಉಂಟು. ಗ್ರಹಾಂ ಕ್ಯಾನ್ಸರಿನಿಂದ ಚೇತರಿಸಿಕೊಂಡವ. ಇಬ್ಬರನ್ನೂ ಹಿಡಿದಿಟ್ಟಿದ್ದ ಗ್ರೇಸ್ ಅದೇ ಸಂಚಿಕೆಯಲ್ಲಿ ಸಾಯುತ್ತಾಳೆ. ಆ ಸಾವಿನಿಂದ ಇಬ್ಬರಿಗೂ ಒಂದೊಂದು ದಾರಿ ತೆರೆಯಿತು. ರಾಯನ್ ಗ್ರಹಾಮನನ್ನು ಅಜ್ಜ ಅಂತ ಕರೆಯುವುದಿಲ್ಲ. ಕರೆಯುವ ದಿನ ಬಂದಾಗ ನೋಡುವವರ ಗಂಟಲು ಕಟ್ಟುತ್ತದೆ. ಗ್ರಹಾಂ ಹೆಂಡತಿಯನ್ನು ಕೊಂದವನನ್ನು ಎದುರು ನಿಲ್ಲಿಸಿಕೊಂಡು, ಕೊಲ್ಲುವುದಾ ಬಿಡುವುದಾ ಅಂತ ತೀರ್ಮಾನ ಮಾಡಬೇಕಾಗ್ತದೆ. ಕೊಂದರೆ ನನ್ನ ಜೊತೆ ಜಾಗ ಇಲ್ಲ ಅಂತ ಡಾಕ್ಟರ್ ಮೊದಲೇ ಹೇಳಿರುತ್ತಾಳೆ. ಯಾಸ್‌ಗೆ ಏನು ಕೊಟ್ಟರು? ಪಾರ್ಕಿಂಗ್ ಜಗಳ ಬಿಡಿಸಿ ಬೇಜಾರಾಗಿದೆ, ಇದಕ್ಕಿಂತ ದೊಡ್ಡ ಕೆಲಸ ಬೇಕು ಅನ್ನುವ ಒಂದು ಆಸೆ. ಅದು ಕೆಟ್ಟ ಶುರು ಅಲ್ಲ. ಆದರೆ ಟಾರ್ಡಿಸ್ ಹತ್ತಿದ ಕೂಡಲೇ ಆ ಆಸೆ ಈಡೇರಿತು, ಅಲ್ಲಿಗೆ ಪಾತ್ರಕ್ಕೆ ಕೆಲಸವೇ ಉಳಿಯಲಿಲ್ಲ. ಮೂವರ ನಡುವೆ ‘ಇದೇನು ಡಾಕ್ಟರ್?’ ‘ಈಗ ಏನು ಮಾಡುವುದು?’ ಅಂತ ಪ್ರಶ್ನೆ ಹಂಚುವಾಗ ಇವಳ ಪಾಲಿಗೂ ಒಂದೆರಡು ಬೀಳುತ್ತವೆ. ಇವು ಎದುರು ಅರ್ಥದ ಪ್ರಶ್ನೆಗಳಲ್ಲ, ಹೂಂಗುಟ್ಟುವ ಪ್ರಶ್ನೆಗಳು.

ಅವಳು ಪೊಲೀಸ್ ಯಾಕೆ ಆದಳು ಅನ್ನುವುದು ಗೊತ್ತಾಗಲು ವಿಶೇಷ ಸಂಚಿಕೆ ಸೇರಿಸಿ ಎಣಿಸಿದರೆ 18ನೆಯ ಸಂಚಿಕೆಯವರೆಗೆ ಕಾಯಬೇಕು. ಅದು 2020ರ ಫೆಬ್ರವರಿ 9ರದ್ದು. ಮನಸ್ಸು ತೀರಾ ಕುಸಿದಿದ್ದ ಹೊತ್ತಿನಲ್ಲಿ ಯಾಸ್ ಮನೆ ಬಿಟ್ಟು ಹೊರಟಿದ್ದಳು, ತಂಗಿ ಪೊಲೀಸರಿಗೆ ಫೋನ್ ಮಾಡಿದಳು, ಬಂದ ಮಹಿಳಾ ಅಧಿಕಾರಿ ರಸ್ತೆ ಬದಿಯಲ್ಲಿ ಕೂತು ಮಾತಾಡಿ ಒಂದು ಪಂಥ ಕಟ್ಟಿದಳು: ಮೂರು ವರ್ಷದಲ್ಲಿ ಬದುಕು ಸುಧಾರಿಸದಿದ್ದರೆ ನಾನು 50 ಪೌಂಡ್ ಕೊಡ್ತೇನೆ, ಸುಧಾರಿಸಿದರೆ ನೀನು 50 ಪೆನ್ಸ್ ಕೊಡು. ಯಾಸ್ ಆ ನಾಣ್ಯ ಕೊಡಲು ಹೋಗುತ್ತಾಳೆ. ತುಂಬಾ ಒಳ್ಳೆಯ ದೃಶ್ಯ, ನಾನು ಎರಡು ಸಲ ನೋಡಿದ್ದೇನೆ. ಅದಕ್ಕೇ ಸಿಟ್ಟು ಬರುವುದು. ಈ ಗಾಯ ಹಿಂದಿನ 17 ಸಂಚಿಕೆಯಲ್ಲಿ ಅವಳ ಮಾತಿನಲ್ಲಾಗಲಿ ನಡೆಯಲ್ಲಾಗಲಿ ಎಲ್ಲಿಯೂ ಕಾಣುವುದಿಲ್ಲ, ಮುಂದೆಯೂ ಬರುವುದಿಲ್ಲ. ಬೇರೆ ಯಾರದ್ದೋ ಹಿನ್ನೆಲೆ ತಂದು ಅಂಟಿಸಿದ ಹಾಗೆ ಉಂಟು.

ಅದೇ ಸರಣಿಯ ಕೊನೆಯ ಕಂತಿನಲ್ಲಿ ಗ್ರಹಾಂ ಅವಳನ್ನು ಕೂರಿಸಿ, ನೀನು ಎಷ್ಟು ಧೈರ್ಯವಂತೆ, ಎಷ್ಟು ಒಳ್ಳೆಯವಳು ಅಂತ ಮೆಚ್ಚಿ ಮಾತಾಡುತ್ತಾನೆ. ಪ್ರಸಂಗಗಳಲ್ಲಿ ಸಾರಥಿ ವೀರನನ್ನು ಹೊಗಳುವುದಿಲ್ಲವಾ ಅಂತ ಕೇಳಬಹುದು. ಹೊಗಳುತ್ತಾನೆ, ಆದರೆ ನಾವು ಯುದ್ಧವನ್ನೂ ನೋಡಿರುತ್ತೇವೆ. ಇಲ್ಲಿ ಹೊಗಳಿಕೆ ಮಾತ್ರ ಸಿಕ್ಕಿತು.

ಇನ್ನೂ ದೊಡ್ಡ ತೊಂದರೆ ಅಂದರೆ, ಯಾಸ್ ಬದಲಾಗುವುದೆಲ್ಲ ತೆರೆಯ ಹಿಂದೆ. ಡಾಕ್ಟರ್ ಸೆರೆಯಲ್ಲಿದ್ದಾಗ ಹತ್ತು ತಿಂಗಳು ಇವಳು ಇನ್ನೊಂದು ಟಾರ್ಡಿಸಿನಲ್ಲಿ ಮಲಗಿ, ಗೋಡೆ ತುಂಬಾ ಕಾಗದ ಅಂಟಿಸಿ ಹುಡುಕುತ್ತಾಳೆ. 2021ರ ‘ಫ್ಲಕ್ಸ್’ ಭಾಗದಲ್ಲಿ 1901ರಲ್ಲಿ ಸಿಕ್ಕಿಬಿದ್ದು ಮೂರು ವರ್ಷ ದೇಶದೇಶ ಅಲೆಯುತ್ತಾಳೆ. ಎಂಥ ಸಾಮಗ್ರಿ ನೋಡಿ! ಹತ್ತು ತಿಂಗಳನ್ನು ಒಂದು ಕೋಣೆಯ ಚಿತ್ರದಲ್ಲಿ, ಮೂರು ವರ್ಷವನ್ನು ಒಂದು ಕಂತಿನ ಕೆಲವು ತುಣುಕುಗಳಲ್ಲಿ ಮುಗಿಸಿದ್ದಾರೆ. ನಂತರ 2022ರ ಜನವರಿ 1ರ ಸಂಚಿಕೆಯಲ್ಲಿ ಅವಳಿಗೆ ಡಾಕ್ಟರ್ ಮೇಲೆ ಪ್ರೀತಿ ಉಂಟು ಅಂತ ಸಹಪ್ರಯಾಣಿಕ ಡ್ಯಾನ್ ಹೇಳಿ ಅವಳಿಂದ ಒಪ್ಪಿಸುತ್ತಾನೆ. ಅಲ್ಲಿಯೂ ಮೊದಲ ಮಾತು ಇನ್ನೊಬ್ಬರದ್ದು.

ಇದನ್ನು ಬರೆಯುವಾಗ ನನಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ನೆನಪಾಗ್ತಾ ಇತ್ತು. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ಪುತ್ತೇನೆ. ನಾದಿರಾಳಿಗೆ ಟಾರ್ಡಿಸ್ ಇಲ್ಲ, ಇಡೀ ಬ್ರಹ್ಮಾಂಡ ಬಿಡಿ, ಹೊಳೆ ದಾಟಲೂ ಅಪ್ಪನ ಅಪ್ಪಣೆ ಬೇಕು. ಆದರೂ ಅವಳಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾಳೆ, ಎಲ್ಲಿ ಅವಳು ಇನ್ನು ಬಗ್ಗುವುದಿಲ್ಲ ಅನ್ನುವುದು ಓದಿದವರಿಗೆಲ್ಲ ಗೊತ್ತು. ಯಾಸ್‌ಗೆ ಕಾಲ ದೇಶ ಎಲ್ಲ ತೆರೆದಿದೆ, ಒಳಗಿನ ಕೋಣೆ ಮಾತ್ರ ಮುಚ್ಚಿದೆ. ಮುಸ್ಲಿಂ ಹುಡುಗಿಯನ್ನು ತೆರೆಗೆ ತಂದೆವು ಅನ್ನುವುದು ತಯಾರಕರಿಗೆ ಹೆಮ್ಮೆ ಇರಬಹುದು. ತಂದ ಮೇಲೆ ಅವಳಿಗೆ ಒಂದು ಮನಸ್ಸು ಕೊಡಬೇಕಲ್ಲ.

ಡಾಕ್ಟರ್ ಪಾತ್ರಕ್ಕೂ ಇದೇ ಗತಿ ಆಯಿತು ಅಂತ ನನ್ನ ವಾದ. 2020ರ ಮಾರ್ಚ್ 1ರ ‘ದಿ ಟೈಂಲೆಸ್ ಚಿಲ್ಡ್ರನ್’ ಸಂಚಿಕೆಯಲ್ಲಿ ಅವಳ ಜನ್ಮರಹಸ್ಯ ಬಯಲಾಗ್ತದೆ: ನೀನು ಈ ಗ್ರಹದವಳೇ ಅಲ್ಲ, ಎಲ್ಲಿಂದಲೋ ಸಿಕ್ಕಿದ ಮಗು, ನಿನ್ನ ನೆನಪನ್ನು ಅಳಿಸಿದ್ದಾರೆ ಅಂತ ಶತ್ರುವೇ ಹೇಳುತ್ತಾನೆ. ಸರಣಿ ಹುಟ್ಟಿದ ಕಾಲದಿಂದ ನಂಬಿಕೊಂಡು ಬಂದದ್ದನ್ನೆಲ್ಲ ತಿರುಗಿಸಿದರು ಅಂತ ಅಭಿಮಾನಿಗಳು ಜಗಳ ಆಡಿದರು. ನನಗೆ ಆ ಜಗಳ ಮುಖ್ಯ ಅಲ್ಲ. ‘ಕರ್ಣಭೇದನ’ ಪ್ರಸಂಗವನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯೂ ಜನ್ಮರಹಸ್ಯವೇ. ಕೃಷ್ಣ ಹೇಳಿದ ಕೂಡಲೇ ಕರ್ಣನ ಮುಂದೆ ಒಂದು ಕವಲು ದಾರಿ ಬೀಳುತ್ತದೆ: ತಮ್ಮಂದಿರ ಕಡೆ ಹೋಗುವುದಾ, ಅನ್ನ ಕೊಟ್ಟ ಕೌರವನ ಋಣ ತೀರಿಸುವುದಾ? ರಹಸ್ಯಕ್ಕೆ ಬೆಲೆ ಬರುವುದು ಆ ಕವಲಿನಿಂದ. ಗಂಟೆಗಟ್ಟಲೆ ಅರ್ಥ ಹೇಳಲು ಆಗುವುದೂ ಅದರಿಂದಲೇ. ಡಾಕ್ಟರ್‌ಗೆ ರಹಸ್ಯ ಗೊತ್ತಾಯಿತು, ಕವಲು ಬರಲಿಲ್ಲ. ಕೊನೆಗೆ ಎಲ್ಲರನ್ನೂ ಕೊಲ್ಲುವ ಅಸ್ತ್ರವನ್ನು ಕೈಯಲ್ಲಿ ಹಿಡಿದು ನಿಂತಾಗ ಒಂದು ತೀರ್ಮಾನ ಮಾಡುವ ಹೊತ್ತು ಬಂತು. ಆ ತೀರ್ಮಾನವನ್ನೂ ಒಬ್ಬ ಮುದುಕ ಬಂದು ತನ್ನ ಕೈಗೆ ತೆಗೆದುಕೊಂಡ.

ಇಷ್ಟು ಬೈದ ಮೇಲೆ ಒಂದು ಸಂಚಿಕೆಯ ಬಗ್ಗೆ ಹೇಳದಿದ್ದರೆ ಪಾಪ ಬರುತ್ತದೆ. 2018ರ ನವೆಂಬರ್ 11ರಂದು ಬಂದ ‘ಡೀಮನ್ಸ್ ಆಫ್ ದ ಪಂಜಾಬ್’. ಬರೆದವರು ವಿನಯ್ ಪಟೇಲ್. ಯಾಸ್‌ನ ನಾನಿ ಉಮ್ಬ್ರೀನ್ ಮೊಮ್ಮಗಳಿಗೆ ಒಂದು ಒಡೆದ ಗಡಿಯಾರ ಕೊಡುತ್ತಾಳೆ, ಕಥೆ ಮಾತ್ರ ಹೇಳುವುದಿಲ್ಲ. ಯಾಸ್ ಹಟ ಮಾಡಿ 1947ರ ಆಗಸ್ಟಿಗೆ ಹೋಗುತ್ತಾಳೆ. ರಾಡ್‌ಕ್ಲಿಫ್ ಗೆರೆ ಪ್ರಕಟವಾದ ದಿನ, ಆಗಸ್ಟ್ 17. ಅಲ್ಲಿ ನಾನಿ ಮದುವೆಯಾಗಲು ಹೊರಟಿರುವುದು ಯಾಸ್‌ನ ತಾತನನ್ನಲ್ಲ, ಪ್ರೇಮ್ ಅನ್ನುವ ಹಿಂದೂ ಹುಡುಗನನ್ನು. ಪ್ರೇಮ್‌ನ ತಮ್ಮ ಮನೀಶನೇ ಗುಂಪು ಕಟ್ಟಿಕೊಂಡು ಬರುತ್ತಾನೆ. ಮಹಾಯುದ್ಧದಿಂದ ಬದುಕಿ ಬಂದ ಅಣ್ಣ ಮನೆ ಬಾಗಿಲಲ್ಲಿ ಸಾಯುತ್ತಾನೆ. ರಾಕ್ಷಸರ ಹಾಗೆ ಕಾಣುವ ಅನ್ಯಗ್ರಹದವರು ಕೊಲ್ಲಲು ಬಂದವರಲ್ಲ, ಯಾರೂ ಇಲ್ಲದೆ ಸಾಯುವವರ ಹತ್ತಿರ ನಿಲ್ಲಲು ಬಂದವರು.

ಗಡಿಯ ಕಥೆ ಆದ್ದರಿಂದ ನಮ್ಮೂರು ನೆನಪಾಗದೆ ಇರುವುದಿಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ನನ್ನ ಅಜ್ಜಿ ಈಗಲೂ ‘ಜಿಲ್ಲೆಗೆ ಹೋಗಿ ಬಂದೆ’ ಅಂದರೆ ಮಂಗಳೂರಿಗೆ ಅಂತ ಅರ್ಥ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು. ಇಲ್ಲಿ ಯಾರೂ ಮನೆ ಬಿಟ್ಟು ಓಡಬೇಕಾಗಲಿಲ್ಲ. ಮನೆಯಲ್ಲಿ ಕೂತಿದ್ದ ಹಾಗೆಯೇ ಊರು ಬೇರೆ ಕಡೆ ಹೋಯಿತು, ಅಷ್ಟೆ. ಆ ಸಂಚಿಕೆ ನನ್ನನ್ನು ಹಿಡಿದದ್ದು ಉಮ್ಬ್ರೀನ್ ಪಾತ್ರದಿಂದ. 45 ನಿಮಿಷ ಚಿಲ್ಲರೆಯಲ್ಲಿ ಅವಳ ಹಟ, ಹಾಸ್ಯ, ಪ್ರೀತಿ, ಮೌನ ಎಲ್ಲ ಸಿಗ್ತದೆ. ಒಂದೇ ಸಂಚಿಕೆಯ ಅಜ್ಜಿ, 31 ಸಂಚಿಕೆಯ ಮೊಮ್ಮಗಳಿಗಿಂತ ತುಂಬಿದ ಪಾತ್ರ. ಅಂದರೆ ಇವರಿಗೆ ಬರೆಯಲು ಬರುವುದಿಲ್ಲ ಅಂತ ಅಲ್ಲ.

ಸಮಯ ಮುಗಿಯಿತು ಅಂತ ಟೀಚರ್ ಸೂಚನೆ ಕೊಡ್ತಾ ಇದ್ದಾರೆ, ನಿಲ್ಲಿಸುತ್ತೇನೆ.

(ಪ್ರಶ್ನೋತ್ತರದಿಂದ)

ಪ್ರಶ್ನೆ: ಟಿವಿ ಧಾರಾವಾಹಿಯನ್ನು ತಾಳಮದ್ದಳೆಯ ಅಳತೆಯಲ್ಲಿ ಅಳೆಯುವುದು ಸರಿಯಾ? ಅಲ್ಲಿ ಕಥೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ಉತ್ತರ: ಸರ್, ಅದಕ್ಕೇ ಸರಿ ಅಂತ ನನಗೆ ಕಾಣುವುದು. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೂ ಕೂತು ಕೇಳ್ತೇವೆ. ಕಾಲಯಾನದ ಕಥೆಯಲ್ಲಿಯೂ ಪ್ರೇಮ್ ಸಾಯಲೇಬೇಕು ಅಂತ ಮೊದಲೇ ತೀರ್ಮಾನ ಆಗಿದೆ. ಫಲ ಬದಲಾಗದ ಜಾಗದಲ್ಲಿ ಮನುಷ್ಯ ಏನು ಮಾತಾಡುತ್ತಾನೆ ಅನ್ನುವುದೇ ಉಳಿಯುವುದು. ತೂಕ ಇಡೀ ಪಾತ್ರದ ಮೇಲೆ ಬೀಳುತ್ತದೆ.

ಪ್ರಶ್ನೆ: ನೀವು ಮಾತಿಗೆ ಹೆಚ್ಚು ಬೆಲೆ ಕೊಟ್ಟಿರಿ. ಯಾಸ್‌ನ ಮೌನವನ್ನೂ ಪಾತ್ರ ಅಂತ ಓದಬಹುದಲ್ಲ?

ಉತ್ತರ: ಒಂದು ಕಡೆ ಓದಬಹುದು ಟೀಚರ್, ಅದೇ ಪಂಜಾಬಿನ ಸಂಚಿಕೆಯ ಕೊನೆಯಲ್ಲಿ. ಗುಂಡಿನ ಸದ್ದು ಬೆನ್ನ ಹಿಂದೆ ಕೇಳಿದರೂ ತಿರುಗದೆ ನಡೆದು ಬಂದವಳು ಅವಳು. ಷೆಫೀಲ್ಡಿಗೆ ಬಂದ ಮೇಲೆ ನಾನಿಯೇ ಆ ಗಡಿಯಾರದ ಕಥೆ ಹೇಳಲಾ ಅಂತ ಕೇಳುತ್ತಾಳೆ. ಎಲ್ಲ ಕಣ್ಣಾರೆ ಕಂಡು ಬಂದ ಯಾಸ್, ಈಗ ಬೇಡ ನಾನಿ, ಇನ್ನೊಮ್ಮೆ ಹೇಳು ಅನ್ನುತ್ತಾಳೆ. ಆ ಮೌನಕ್ಕೆ ಹಿಂದೆ ನಡೆದದ್ದು ನಮಗೆ ಗೊತ್ತು. ಉಳಿದ 30 ಸಂಚಿಕೆಗಳಲ್ಲಿ ಅವಳು ಸುಮ್ಮನಿರುವಾಗ ಏನನ್ನು ಹೇಳದೆ ಇದ್ದಾಳೆ ಅಂತ ಹುಡುಕಿದೆ. ನನಗೆ ಸಿಕ್ಕಲಿಲ್ಲ.